ದೆವ್ವಕ್ಕೆ ಹೇಳಿ ಹೊರಟದ್ದು

ಬಳ್ಳಾರಿಯ ಮಗನ ಮನೆಯಲ್ಲಿ, ನನ್ನ ಮೊಮ್ಮಕ್ಕಳಲ್ಲಿ ನಿಮ್ಮೆಲ್ಲರಿಗಿಂತ ದೊಡ್ಡವಳೂ ಅವಳ ತಮ್ಮನೂ ಕಂಪ್ಯೂಟರಿನಲ್ಲಿ ದೆವ್ವದ ಆಟ ಆಡುತ್ತಿದ್ದರು. ಕತ್ತಲೆ ತುಂಬಿದ ಮನೆಯೊಳಗೆ ನಾವೇ ಟಾರ್ಚು ಹಿಡಿದು ನಡೆದಂತೆ ಕಾಣುತ್ತದೆ. ಬೀಗದಕೈ ಹುಡುಕಿ ಹೊರಗೆ ಬರಬೇಕು. ಒಳಗೆ ಎಂದೋ ಸತ್ತ ಮುದುಕಿ ಇದ್ದಾಳೆ. ಆಟಕ್ಕೆ ಕಿವಿಯೂ ಇದೆ. ಆಡುವವರು ಬಾಯಿಬಿಟ್ಟರೆ ಮುದುಕಿಗೆ ಕೇಳಿಸಿ, ಬಂದು ಹಿಡಿಯುತ್ತಾಳೆ.

ಗೆದ್ದವರು ಹೇಳಿದ ಕಡೆ ಭಾನುವಾರ ಎಲ್ಲರೂ ಹೋಗಬೇಕೆಂಬುದು ಪಂದ್ಯ. ತಮ್ಮನಿಗೆ ಸಿನಿಮಾ, ಅಕ್ಕನಿಗೆ ಕೆಂಚನಗುಡ್ಡದ ಹೊಳೆ. ಹೊಳೆ ನನ್ನ ಆಸೆ. ನಿಮ್ಮಜ್ಜ ಹೋದ ಮೇಲೆ ಆ ನೀರು ಕಂಡಿರಲಿಲ್ಲ. ಮಗನನ್ನು ಕೇಳಲು ನಾಚಿ, ಅವಳ ಕಿವಿಗೆ ಹಾಕಿದ್ದೆ.

ತಮ್ಮ ನಗು ತಡೆಯಲಾರದೆ ಸಿಕ್ಕಿಬೀಳುತ್ತಿದ್ದ. ಅಕ್ಕ ಬಾಗಿಲು ಕಿರುಗುಟ್ಟಿದರೆ ಸಾಕು, ಚೀರುತ್ತಿದ್ದಳು.

"ಲೇ ಅಕ್ಕಾ, ನಿನ್ನ ಬಾಯಿಗೆ ದೆವ್ವಾನ ಅಂಜಿ ಓಡಬೇಕು!"

"ನನ್ನ ಬದ್ಲಿ ಅಜ್ಜಿ ಆಡ್ತಾಳ. ಆಕಿ ಮಾತಾಡಿದ್ದು ಯಾವಾಗ ಕೇಳೀದಿ?"

ಕೂತೆ. ಗೋಡೆಯಿಂದ ಕೈ ಚಾಚಿತು, ತೊಟ್ಟಿಲು ತಾನೇ ತೂಗಿತು. ನಾನು ತುಟಿ ಬಿಚ್ಚಲಿಲ್ಲ. ಅತ್ತೆಯ ಮನೆಯಲ್ಲಿ ಕಲಿತ ವಿದ್ಯೆ. ಬೀಗದಕೈ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು, ಮುದುಕಿಯರು ಬೇರೆಲ್ಲಿಡುತ್ತಾರೆ?

ಬಾಗಿಲು ತೆರೆಯಿತು. ಅದರ ಪಕ್ಕದ ಕುರ್ಚಿಯಲ್ಲಿ ಮುದುಕಿ ಬೆನ್ನು ಮಾಡಿ ಕೂತಿದ್ದಳು. ಹಿರಿಯರಿಗೆ ಹೇಳದೆ ಹೊಸ್ತಿಲು ದಾಟುವುದುಂಟೇ?

"ಬರ್ತೀನ್ರೀ ಯವ್ವಾ" ಎಂದುಬಿಟ್ಟೆ.

ಮುದುಕಿ ಪರದೆ ತುಂಬ ಬಂದಳು.

"ದೆವ್ವಕ್ಕ ಹೇಳಿ ಹೋಗ್ತಾರೇನಜ್ಜಿ!" ಅಕ್ಕನಿಗೆ ಅಳುವೇ ಬಂತು. ತಮ್ಮ ನೆಲದ ಮೇಲೆ ಹೊರಳಾಡಿ ನಕ್ಕ. ತನ್ನ ಪಾಳಿಗೆ ಕೂತವನು ಮಾತ್ರ ಆಟ ಶುರು ಮಾಡಲೇ ಇಲ್ಲ.

"ಅಜ್ಜಿ, ಸಾವಿನ ಮನಿಯಾಗ ಬರ್ತೀನಿ ಅನ್ನಬಾರ್ದು ಅಂದಿದ್ದಿ. ಅಂದ್ರ ಏನಾಗ್ತೈತಿ?"

"ಮತ್ತ ಬರೋದಾಗ್ತೈತಿ ಅಂತಾರಪ್ಪ."

"ನಾವು ಹೋಗೋದೋ, ಆಕಿ ಬರೋದೋ?"

"ಅದು ನನಗೂ ಗೊತ್ತಿಲ್ಲ. ಆಕಿ ಅಷ್ಟು ಮರ್ಯಾದಿಲೆ ಕುಂತಿದ್ಲು, ಸತ್ತಾಕಿ ಅಂಬೋದಽ ಮರ್ತೆ."

ಅವನು ಮೆಲ್ಲಗೆ ಕಂಪ್ಯೂಟರ್ ಆರಿಸಿದ.

"ಈಗೇನ್ ಮಾಡ್ಬೇಕು?"

"ಸಾವಿನ ಮನಿಗೆ ಹೋಗಿ ಬಂದ್ರ ಜಳಕ ಮಾಡ್ತಾರ. ಹರಿಯೋ ನೀರಾದ್ರ ಇನ್ನೂ ಚಲೋ."

"ಹರಿಯೋ ನೀರು ಎಲ್ಲೈತಿ?"

ಅಕ್ಕ ನನ್ನ ಮುಖ ನೋಡಿದಳು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಭಾನುವಾರ ಕೆಂಚನಗುಡ್ಡದ ಹೊಳೆಯಲ್ಲಿ ಎಲ್ಲರಿಗಿಂತ ಮೊದಲು ಮುಳುಗಿದವನು ಅವನೇ. ನನ್ನ ತಲೆಯ ಮೇಲೂ ಬೊಗಸೆ ಬೊಗಸೆ ನೀರು ಸುರಿದು, ಕಿವಿಯ ಹಿಂದೆಯೂ ತಿಕ್ಕಿಕೊಳ್ಳೆಂದ. ಹೊರಡುವಾಗ ನಾನು ಹೊಳೆಯತ್ತ ತಿರುಗಿ, ಮಗನಿಗೂ ಕೇಳುವಂತೆ ಹೇಳಿದೆ: "ಬರ್ತೀನವ್ವಾ."