ಲಕ್ಷದ ಮೇಲೆ ಎಂಬತ್ತೆಂಟು ಬತ್ತಿ

ಮೊನ್ನೆ ಸೋಮವಾರ ಸಂಜೆ ನರಸೀಪುರದ ನನ್ನ ಕೋಣೆಯಲ್ಲಿ ದೀಪ ಆರಿತು. ಹರಳೆಣ್ಣೆಯಲ್ಲಿ ನೆಂದ ಹತ್ತಿಯ ಬತ್ತಿ ಕೊನೆಗೆ ಕರಕಾಗಿ ಬಿಡುವ ಆ ವಾಸನೆ... ಅದರ ಹಿಂದೆಯೇ ನಂಜನಗೂಡಿನ ಪಕ್ಕದ ಮನೆಯ ಜಗಲಿ ಕಣ್ಣಿಗೆ ಬಂತು. ಕಂಬಕ್ಕೆ ಒರಗಿ ಕೂತ ಅಜ್ಜಿ, ವಿಭೂತಿ ಮೆತ್ತಿದ ಅವರ ಬೆರಳು.

ನಾನಾಗ ನಂಜನಗೂಡಿನಲ್ಲಿ ಹೊಸ ಗುಮಾಸ್ತ. ಅಜ್ಜಿ ನರಸೀಪುರದ ದವಸದ ವ್ಯಾಪಾರಿಯ ಮಗಳು, ನಂಜನಗೂಡಿಗೆ ಸೊಸೆಯಾಗಿ ಬಂದವರು. ಪ್ಲೇಗಿಗೆ ಹೆದರಿ ಜನ ಊರಾಚೆ ಗುಡಿಸಲು ಹಾಕಿಕೊಂಡಿದ್ದಾಗ ಅವರ ಒಬ್ಬನೇ ಮೊಮ್ಮಗನಿಗೆ ಗಡ್ಡೆ ಎದ್ದಿತ್ತು. ಹುಡುಗ ಉಳಿದರೆ ಲಕ್ಷ ಬತ್ತಿ ಹೊಸೆದು, ಶಿವರಾತ್ರಿಯಂದು ನಂಜುಂಡೇಶ್ವರನ ಮುಂದೆ ಉರಿಸುವುದಾಗಿ ಅಜ್ಜಿ ಹರಕೆ ಹೊತ್ತರು. ಹುಡುಗ ಉಳಿದ. ಹರಕೆಗೆ ಇದ್ದ ಕಟ್ಟಳೆ ಒಂದೇ: ಪ್ರತಿಯೊಂದು ಬತ್ತಿಯೂ ತಮ್ಮ ಕೈಯಿಂದಲೇ ಆಗಬೇಕು.

ದಿನಕ್ಕೆ ನೂರರ ಎರಡು ಕಟ್ಟು, ಅದಕ್ಕಿಂತ ಹೆಚ್ಚು ಅವರ ಬೆರಳಿಗೆ ಆಗುತ್ತಿರಲಿಲ್ಲ. ಸಂಜೆ ನಾನು ಕಚೇರಿಯಿಂದ ಬಂದಾಗ "ಬರ್ಕೊಳಪ್ಪ, ಇವತ್ತಿನ ಜೋಡಿ" ಎನ್ನುವರು. ನನ್ನ ದಿನಚರಿಯಲ್ಲಿ ಮಳೆ, ಖರ್ಚು, ಹೊಳೆಯ ನೀರಿನ ಮಟ್ಟದ ಜೊತೆಗೆ ಅಜ್ಜಿಯ ಕಟ್ಟುಗಳಿಗೂ ಒಂದು ಸಾಲು ಇತ್ತು. ಸಾವಿರ ಕಟ್ಟಾದರೆ ಲಕ್ಷ. ಒಂದೂವರೆ ವರ್ಷದ ಕೆಲಸ.

ಒಂದು ಸಂಜೆ ಪತ್ರಿಕೆಯಲ್ಲಿ ಬಂದದ್ದನ್ನು ಓದಿ ಹೇಳಿದೆ. ಅಮೆರಿಕದಲ್ಲಿ ಸೀಮೆಎಣ್ಣೆಯ ವ್ಯಾಪಾರದಿಂದ ಒಬ್ಬನ ಆಸ್ತಿ ನೂರು ಕೋಟಿ ರೂಪಾಯಿ ದಾಟಿದೆಯಂತೆ.

"ನಮ್ಮನೆ ಬುಡ್ಡಿ ದುಡ್ಡೂ ಅವ್ನಿಗೇ ಓಯ್ತು ಅನ್ನು" ಎಂದು ನಕ್ಕರು. "ನೂರು ಕೋಟಿ ಅಂದ್ರೆ ಏಟಪ್ಪ?"

ನನಗೂ ಅದು ಬರೀ ಸೊನ್ನೆಗಳ ಸಾಲು. ಆದರೆ ಎದುರಿಗೆ ಬತ್ತಿಯ ಬುಟ್ಟಿ ಇತ್ತು. ಒಂದು ರೂಪಾಯಿಗೆ ಒಂದು ಬತ್ತಿ ಎಂದು ಹಿಡಿದೆ. ಲಕ್ಷಕ್ಕೆ ಐನೂರು ದಿನ. ಕೋಟಿಗೆ ಅದರ ನೂರರಷ್ಟು. ನೂರು ಕೋಟಿಗೆ...

"ಅಜ್ಜಿ, ನೀವು ಒಂದು ದಿನವೂ ಬಿಡದೆ ಹೊಸೆದರೆ ಹದಿಮೂರು ಸಾವಿರ ವರ್ಷದ ಮೇಲಾಗುತ್ತದೆ."

ಅಜ್ಜಿಯ ಕೈ ನಿಂತಿತು. ಬುಟ್ಟಿಯನ್ನೊಮ್ಮೆ, ಬೀದಿಯನ್ನೊಮ್ಮೆ ನೋಡಿದರು. ಕೊನೆಗೆ, "ಅಷ್ಟನ್ನೂ ಅವ್ನೇ ಒಸೆದ್ನಾ?" ಎಂದು ಕೇಳಿದರು.

"ಇಲ್ಲ. ಸಾವಿರಾರು ಜನ ಹೊಸೆದು ಕೊಟ್ಟದ್ದು."

"ಅಂಗಾದ್ರೆ ಅರಕೆ ಅವ್ರದ್ದಾಯ್ತು. ಅವನ್ದಲ್ಲ, ಬುಡು" ಎಂದು ಮತ್ತೆ ಹೊಸೆಯತೊಡಗಿದರು.

ಶಿವರಾತ್ರಿಗೆ ಹತ್ತು ದಿನವಿದ್ದಾಗ ಅಜ್ಜಿಗೆ ಲಕ್ವ ಹೊಡೆಯಿತು. ಬಲಗೈ ಪೂರಾ ಬಿದ್ದುಹೋಯಿತು. ನನ್ನ ಲೆಕ್ಕದಲ್ಲಿ ಒಂಬೈನೂರ ತೊಂಬತ್ತೊಂದು ಕಟ್ಟಾಗಿದ್ದವು. ಇನ್ನು ಒಂಬತ್ತು ಉಳಿದಿದ್ದವು. ಅಜ್ಜಿಯ ಸೊಸೆ, ಹುಡುಗನ ತಾಯಿ, ತಾನು ಹೊಸೆದು ಕೊಡುವೆನೆಂದಳು. ಅಜ್ಜಿ ತಲೆ ಅಲ್ಲಾಡಿಸಿ, "ಸಾಲ ಉಳಿಸ್ಕೊಂಡ್ರೆ ದೇವ್ರು ಮಗೀನ್ನೇ ಕೇಳಾನು" ಎಂದು ತೊದಲಿದರು. ಮೊಮ್ಮಗ ಕೆಮ್ಮಿದರೂ ಅವರ ಕಣ್ಣು ಬೆದರಿ ಅತ್ತ ಹೊರಳುತ್ತಿತ್ತು. ಎಡಗೈಯಲ್ಲಿ ಹತ್ತಿ ಹಿಡಿದು ತೊಡೆಯ ಮೇಲೆ ಉಜ್ಜಿ ನೋಡುವರು. ಅದು ಬತ್ತಿಯಾಗುತ್ತಿರಲಿಲ್ಲ.

ಸೊಸೆಗೆ ತಡೆಯಲಾಗಲಿಲ್ಲ. ಗುಟ್ಟಾಗಿ ತಾನೇ ಹೊಸೆದುಬಿಡೋಣವೆಂದು ಮಾದರಿಗೆ ಒಂದು ಕಟ್ಟು ಬಿಚ್ಚಿ ಎಣಿಸಿದಳು. ಗೋಡೆಯಾಚೆಯಿಂದ ನನ್ನನ್ನು ಕೂಗಿದಳು.

"ಬನ್ನಿ ಸಾ ಇಲ್ಲಿ. ನಮ್ಮತ್ತೆಗೆ ಎಣಿಸೋಕೆ ಬರಲ್ವೇನೋ. ಇದ್ರಲ್ಲಿ ಒಂದ್ ಜಾಸ್ತಿ ಐತೆ!"

ಇನ್ನೊಂದು ಬಿಚ್ಚಿದೆವು. ಅದರಲ್ಲೂ ನೂರ ಒಂದು. ಮತ್ತೊಂದರಲ್ಲೂ. ನಾನು ಅಜ್ಜಿಯ ಹಾಸಿಗೆಯ ಮೇಲೆ ಒಂದು ಹಿಡಿ ಬತ್ತಿ ಹರಡಿ, ಎಣಿಸಿ ತೋರಿಸಿ ಎಂದೆ. ಅವರು ಎಡಗೈ ಬೆರಳಿಂದ ಒಂದೊಂದೇ ಸರಿಸಿದರು.

"ಲಾಭ... ಒಂದು... ಎರಡು..."

ರಾಗಿ ಅಳೆಯುವವರು ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಮುಂದಿನದು ಎರಡು. ಅಪ್ಪನ ಅಂಗಡಿಯಲ್ಲಿ ಅದನ್ನು ಕೇಳುತ್ತ ಬೆಳೆದ ಅಜ್ಜಿ ಲಾಭದ ನಂತರ ಮತ್ತೆ ಒಂದರಿಂದ ಹಿಡಿಯುತ್ತಿದ್ದರು. ಇದೇನಜ್ಜಿ ಎಂದರೆ, "ಲಾಭಾನ ಯಾರಾರ ಲೆಕ್ಕಕ್ಕೆ ಸೇರುಸ್ತಾರಾ?" ಎಂದು ನನ್ನನ್ನೇ ಗದರಿದರು.

ಅಂದಾಜು ಸಾಲದೆಂದು ನಾನೂ ಸೊಸೆಯೂ ನಾಲ್ಕು ದಿನ ಕೂತು ಎಲ್ಲ ಕಟ್ಟುಗಳನ್ನೂ ಬಿಚ್ಚಿ ಎಣಿಸಿದೆವು. ಮೂರು ಕಟ್ಟಿನಲ್ಲಿ ಮಾತ್ರ ಸರಿಯಾಗಿ ನೂರು, ಮಿಕ್ಕವುಗಳಲ್ಲೆಲ್ಲ ನೂರ ಒಂದು. ಒಟ್ಟು ಲಕ್ಷದ ಮೇಲೆ ಎಂಬತ್ತೆಂಟು.

"ಎಲ್ಲಾ ನನ್ ಕೈದೇ ತಾನೆ?" ಅಜ್ಜಿ ಎರಡು ಸಲ ಕೇಳಿದರು. ಸೊಸೆ, "ನಿಮ್ದೇ ಕಣತ್ತೆ. ನಾನು ಒಂದ್ನೂ ಒಸೆದಿಲ್ಲ, ನಿಮ್ ಮಗನಾಣೆ" ಎಂದಳು. ಸೊಟ್ಟಗಾಗಿದ್ದ ಬಾಯಲ್ಲೇ ಅಜ್ಜಿ ನಕ್ಕರು.

ಶಿವರಾತ್ರಿಯಂದು ಲಕ್ಷ ಬತ್ತಿಯನ್ನೂ ತುಪ್ಪದಲ್ಲಿ ಅದ್ದಿ ದೊಡ್ಡ ಕೊಪ್ಪರಿಗೆಯಲ್ಲಿಟ್ಟರು. ಮೊಮ್ಮಗನೇ ಹೊತ್ತಿಸಿದ. ಒಂದೂವರೆ ವರ್ಷದ ಕೆಲಸ ಒಂದೇ ಉರಿಯಾಗಿ ಉರಿದು ತಣ್ಣಗಾಯಿತು. ಅಜ್ಜಿಯನ್ನು ಡೋಲಿಯಲ್ಲಿ ಹೊತ್ತು ತಂದಿದ್ದೆವು. ಅವರು ಉರಿಯನ್ನು ನೋಡಲಿಲ್ಲ, ಹುಡುಗನನ್ನೇ ನೋಡುತ್ತಿದ್ದರು.

ಉಳಿದ ಎಂಬತ್ತೆಂಟನ್ನು ನನ್ನ ಕೈಗಿಟ್ಟರು. "ಲಾಭ ನಿಂದು. ಎಣಿಸ್ದೋನಿಗೂ ಕೂಲಿ ಬೇಡ್ವಾ?"

ಯುಗಾದಿ ಕಳೆದ ವಾರದಲ್ಲೇ ಅಜ್ಜಿ ಹೋದರು. ಆಮೇಲೆ ನನಗೆ ನರಸೀಪುರಕ್ಕೆ ವರ್ಗವಾಯಿತು. ಪ್ರತಿ ಸೋಮವಾರ ಒಂದೊಂದು ಬತ್ತಿ ಹಚ್ಚುತ್ತ ಬಂದೆ. ನೂರು ಕೋಟಿಯವನ ಆಸ್ತಿ ಇನ್ನೂ ಬೆಳೆದಿದೆಯೆಂದು ಪತ್ರಿಕೆ ಬರೆಯುತ್ತದೆ. ಈಗ ಅದನ್ನು ಓದಿ ಹೇಳಲು ನನಗೆ ಜಗಲಿಯಿಲ್ಲ...

ಮೊನ್ನೆ ಆರಿದ್ದು ಎಂಬತ್ತೆಂಟನೆಯದು. ದಿನಚರಿಯಲ್ಲಿ ಬರೆದುಕೊಂಡೆ. ಮುಂದಿನ ಸೋಮವಾರಕ್ಕೆ ಅಂಗಡಿಯಿಂದ ಬತ್ತಿ ತರಬೇಕು.