ತಂಗಿ ನಕ್ಕಾಗ

ಆಸ್ಪತ್ರೆಯಿಂದ ಬಂದ ಮೇಲೆ ತಂಗಿ ನಕ್ಕರೆ ನಾವು ಹೆದರುತ್ತಿದ್ದೆವು. ಅವಳ ಕಾಯಿಲೆ ಶುರುವಾದದ್ದೇ ಹಾಗೆ. ಬಲ್ಮಠದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದವಳು ಇದ್ದಕ್ಕಿದ್ದಂತೆ ನಿದ್ದೆ ಬಿಟ್ಟಳು. ನಗುತ್ತ, ಹಾಡುತ್ತ, ಗುರುತಿಲ್ಲದವರಿಗೂ ಫೋನು ಮಾಡುತ್ತ ಮನೆಯಿಡೀ ಓಡಾಡಿದಳು. ಮಗಳು ಇಷ್ಟು ಖುಷಿಯಾಗಿದ್ದಾಳಲ್ಲ ಎಂದು ಅಮ್ಮ ಸಂತೋಷಪಟ್ಟಿದ್ದರು. ಆಮೇಲೊಂದು ದಿನ, ದೇವರು ಕರೆಯುತ್ತಿದ್ದಾರೆಂದು ಬರಿಗಾಲಲ್ಲಿ ಪಣಂಬೂರಿನ ಕಡಲಿಗೆ ಹೊರಟವಳನ್ನು ರಿಕ್ಷಾದವರು ತಡೆದು ನಿಲ್ಲಿಸಿದರು.

ಚಿಕಿತ್ಸೆ ಫಲಿಸಿತು. ಮಾತು ಕಡಿಮೆಯಾಯಿತು, ನಿದ್ದೆ ಮರಳಿತು. ಅವಳು ಮಂಕಾಗಿದ್ದ ದಿನ ಮಾತ್ರ ನಮಗೆ ನೆಮ್ಮದಿ.

ಅಷ್ಟರಲ್ಲಿ ಚಿಕ್ಕಪ್ಪನ ಮಗಳ ಮದುವೆ ಬಂತು. ಹಿಂದಿನ ದಿನ ಉರ್ವದ ಅವರ ಅಂಗಳದಲ್ಲಿ ರೋಸ್ ಇತ್ತು, ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ನಮ್ಮ ಕ್ರೈಸ್ತರ ಶಾಸ್ತ್ರ. ಹೆಂಗಸರು ಹಾಡಲು ತೊಡಗಿದಾಗ ತಂಗಿಯೂ ದನಿಗೂಡಿಸಿದಳು. ಹುಡುಗಿಯ ತಲೆಗೆ ಹಾಲು ಸುರಿದು ಜೋರಾಗಿ ನಕ್ಕಳು. ಅಮ್ಮ ನನ್ನ ಕೈ ಹಿಡಿದರು.

"ಮಾತ್ರೆ ತಗೊಂಡಿದ್ದಾಳಾ, ಕೇಳು."

ಹೋಗಿ ಮೆಲ್ಲಗೆ ಕೇಳಿದೆ. ಪಕ್ಕದವರು ತಿರುಗಿ ನೋಡಿದರು. ತಂಗಿ ಪಾತ್ರೆ ಕೆಳಗಿಟ್ಟು ಹೊರಗೆ ಹೋದಳು.

ಗೇಟಿನ ಬಳಿ ಅವಳಿರಲಿಲ್ಲ. ರಸ್ತೆಯಲ್ಲಿ ಓಡಿದೆ, ಕಡಲಿನ ನೆನಪೊಂದೇ ತಲೆಯಲ್ಲಿ. ಅವಳು ಬಸ್ ಸ್ಟಾಪಿನಲ್ಲಿ ಕುಳಿತಿದ್ದಳು.

"ಎಂತ ಅಕ್ಕ, ನಾನು ನಗ್ಲೂಬಾರ್ದಾ?"

"ಹೆದರಿಕೆ ಆಗ್ತದೆ ಮಾರಾಯ್ತಿ."

"ನನಗೆ ಹೆದರಿಕೆ ಇಲ್ಲ ಅಂತ ಗ್ರಹಿಸಿದ್ದಾ? ನಕ್ಕ ಕೂಡ್ಲೇ ನಾನೇ ಒಳಗೊಳಗೆ ನೋಡ್ಕೊಳ್ತೇನೆ, ಇದು ನಾನು ನಕ್ಕದ್ದಾ, ಕಾಯಿಲೆಯಾ ಅಂತ."

ಪಕ್ಕದಲ್ಲಿ ಕುಳಿತೆ. ಬಸ್ಸೊಂದು ನಿಂತಿತು, ಕಂಡಕ್ಟರ್ ನಮ್ಮನ್ನು ಕರೆದು ನೋಡಿದ, ಬಸ್ಸು ಹೊರಟುಹೋಯಿತು. ಆಮೇಲೆ ಅವಳೇ ಹೇಳಿದಳು: "ನಿದ್ದೆ ಕಡಿಮೆಯಾದ್ರೆ ಕೇಳಿ. ನಾನು ಬೈದ್ರೂ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ಆದ್ರೆ ಹತ್ತು ಜನರ ಎದುರು ಮಾತ್ರೆ ವಿಷಯ ಬೇಡ."

ವಾಪಸು ಹೋದಾಗ ಅಮ್ಮ ಗೇಟು ಹಿಡಿದು ನಿಂತಿದ್ದರು. ತಂಗಿ ಅವರಿಗೂ ಅದನ್ನೇ ಹೇಳಿದಳು. ಅಮ್ಮ "ಆಯ್ತು" ಎಂದಷ್ಟೇ ಹೇಳಿ ಸೆರಗಿನಿಂದ ಅವಳ ಕೈ ಒರೆಸಿದರು.

ಈಗ ಬೆಳಿಗ್ಗೆ ಚಹಾ ಕೊಡುವಾಗ ಅಮ್ಮ ನೇರವಾಗಿ ಕೇಳುತ್ತಾರೆ, "ನಿದ್ದೆ ಬಂತಾ?" ತಂಗಿ ಇದ್ದದ್ದನ್ನು ಹೇಳುತ್ತಾಳೆ, ಕೆಲವೊಮ್ಮೆ ಸಿಡುಕುತ್ತಾಳೆ. ಒಮ್ಮೆ ನಿದ್ದೆ ಕೆಟ್ಟಾಗ ತಾನಾಗಿಯೇ ಡಾಕ್ಟರ ಬಳಿ ಹೊರಟಳು. ಕಾಲೇಜಿಗೂ ಪುನಃ ಹೋಗತೊಡಗಿದ್ದಾಳೆ. ಸಂಜೆ ಅವಳು ಬರುವುದು ತಡವಾದರೆ ನನಗೆ ಇಂದಿಗೂ ಕುಳಿತಲ್ಲಿ ಕೂರಲಾಗುವುದಿಲ್ಲ. ಫೋನು ಕೈಗೆತ್ತಿಕೊಳ್ಳುತ್ತೇನೆ, ಮತ್ತೆ ಕೆಳಗಿಡುತ್ತೇನೆ.