ರೈಸ್ ಮಿಲ್ಲಿನಲ್ಲಿ ನಡೆದ ಹೆಣ್ಣು ನೋಡುವ ಶಾಸ್ತ್ರ

ಅದು ೧೯೮೯ರ ಕೊನೆ. ಹೊಸ ಲಾರಿ, ಬಸ್ಸುಗಳಿಗೆ ‘ಕೆಎ’ ಎಂದು ಶುರುವಾಗುವ ನಂಬರು ಬರತೊಡಗಿದ್ದ ಕಾಲ. ನಾನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿ ಕೊಪ್ಪಳದ ತರಬೇತಿ ಕೇಂದ್ರವೊಂದರಲ್ಲಿ ಪಾಠ ಹೇಳುತ್ತಿದ್ದೆ. ಒಂದು ಭಾನುವಾರ ಭಾಗ್ಯನಗರದ ನಮ್ಮ ಮನೆಗೆ ನನ್ನನ್ನು ನೋಡಲು ಗಂಗಾವತಿಯಿಂದ ಗಂಡಿನವರು ಬಂದರು. ತಾಯಿ ಬಂದಿದ್ದರು, ಸೋದರಮಾವ ಬಂದಿದ್ದರು. ಹುಡುಗನೇ ಇರಲಿಲ್ಲ.

ಅಪ್ಪ ಹುಬ್ಬು ಗಂಟಿಕ್ಕಿದರು. “ಹುಡುಗನ್ನ ಬಿಟ್ಟು ಬಂದೀರೇನ್ರಿ?”

“ತಪ್ಪು ತಿಳ್ಕೋಬ್ಯಾಡ್ರಿ,” ಎಂದರು ಹುಡುಗನ ತಾಯಿ. “ಈ ನಮ್ಮ ಅಣ್ಣನ ರೈಸ್ ಮಿಲ್ಲಿನ ಕಂಪ್ಯೂಟರ್ ಅವನೇ ನೋಡ್ಕೋತಾನ. ಹೊಸ ಲಾರಿ ನಂಬರ್ ಬಿಲ್ಲಿನ್ಯಾಗ ಪೂರಾ ಬರವಲ್ವಂತ. ನಿನ್ನಿ ಚೆಕ್‌ಪೋಸ್ಟ್‌ನಾಗ ಲಾರಿ ಹೊಳ್ಳಿ ಕಳಿಸ್ಯಾರ. ಇವತ್ತ ಮಾಲು ಹೋಗ್ಲಿಲ್ಲಂದ್ರ ದೊಡ್ಡ ಗಿರಾಕಿ ಕೈ ಬಿಡ್ತಾನ.”

ಉಪ್ಪಿಟ್ಟಿನ ತಟ್ಟೆ ಹಿಡಿದು ತಲೆ ತಗ್ಗಿಸಿ ನಿಂತಿದ್ದ ನಾನು ತಡೆಯಲಾರದೆ ಕೇಳಿಬಿಟ್ಟೆ: “ಪ್ರೋಗ್ರಾಂ ಕೋಬಾಲ್ ಭಾಷಾದಾಗ ಐತೇನ್ರಿ?”

ಒಳಗಿನಿಂದ ಅವ್ವ ಕೆಮ್ಮಿದಳು. ಹುಡುಗನ ತಾಯಿ ಆಗ ನನ್ನನ್ನು ಸರಿಯಾಗಿ ನೋಡಿದರು.

“ಅದೇನೋ ನನಗ ತಿಳಿಯಂಗಿಲ್ಲ ಯವ್ವಾ. ನಿನಗ ಬರ್ತೈತೇನು?”

“ನೋಡಿದ್ರ ಗೊತ್ತಾಕ್ಕೈತ್ರಿ.”

“ಹಂಗಾದ್ರ ನಡಿ. ಜೀಪ್ ಐತಿ.”

ಅಪ್ಪ ಬೇಡವೆನ್ನುವಷ್ಟರಲ್ಲಿ ನಾನು ಫ್ಲಾಪಿ ಡಬ್ಬಿ ಎತ್ತಿಕೊಂಡಿದ್ದೆ. ಅಪ್ಪನೂ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಗಂಗಾವತಿಯ ಮಿಲ್ಲಿನ ಅಂಗಳದಲ್ಲಿ ಅಕ್ಕಿ ತುಂಬಿದ ಲಾರಿಗಳು ಬಿಲ್ಲಿಗಾಗಿ ಕಾದಿದ್ದವು. ಆಫೀಸಿನಲ್ಲಿ ಒಬ್ಬ ಯುವಕ, ಕೂದಲ ತುಂಬ ತೌಡಿನ ಧೂಳು, ಪರದೆಗೆ ಮೂಗು ತಾಗುವಂತೆ ಕೂತಿದ್ದ. ಅವನೇ ಹುಡುಗ, ವೀರೇಶ.

“ಹುಬ್ಬಳ್ಳಿ ಕಂಪನಿಯಿಂದ ಬಂದೀರೇನ್ರಿ? ಬರ್ರಿ, ಕುಂದರ್ರಿ” ಎಂದು, ತಲೆಯೆತ್ತದೆ ಕುರ್ಚಿ ಸರಿಸಿದ. ನಾನೂ ತಿದ್ದಲಿಲ್ಲ. ಉಳಿದವರು ಅಂಗಳದಲ್ಲೇ ನಿಂತರು.

ಹಳೆಯ ನಂಬರಿಗಿಂತ ಹೊಸದು ಒಂದಕ್ಷರ ಉದ್ದ. ಹಾಗಾಗಿ ಜಾಗ ಸಾಲದೆ ಕೊನೆಯ ಅಂಕಿ ಬಿದ್ದುಹೋಗುತ್ತಿತ್ತು. ಪ್ರೋಗ್ರಾಂ ಸಾವಿರಾರು ಸಾಲಿನದು, ಬರೆದವನು ಊರು ಬಿಟ್ಟಿದ್ದ.

“ಅಷ್ಟೂ ಒಂದ ಫೈಲಿನ್ಯಾಗ ತುಂಬ್ಯಾನ್ರಿ ಪುಣ್ಯಾತ್ಮ. ಒಂದು ಕಡೆ ಜಾಗಾ ದೊಡ್ಡದು ಮಾಡಿದ್ರ ಇನ್ನೊಂದು ಕಡೆ ಕತ್ತರಿಸ್ತೈತಿ. ಪೇಜ್‌ಡೌನ್ ಒತ್ತಿ ಒತ್ತಿ ಬೆರಳ ಸೋತಾವು” ಎಂದ ವೀರೇಶ.

ಪುಣ್ಯಕ್ಕೆ ಅಲ್ಲಿದ್ದದ್ದೂ ಪ್ರೋಗ್ರಾಂ ತಿದ್ದಲು ನಾನು ಬಳಸುವ ಎಡಿಟರೇ. ಅದಕ್ಕೆ ಜೋಡಿಸುವ ಒಂದು ಸಣ್ಣ ಮ್ಯಾಕ್ರೋ ನನ್ನ ಫ್ಲಾಪಿಯಲ್ಲಿತ್ತು. ಈಗಿನವರು ಪ್ಲಗಿನ್ ಎನ್ನುವುದು ಅಂಥದ್ದನ್ನೇ. ಒಂದು ಕೀಲಿ ಒತ್ತಿದರೆ ಪ್ರೋಗ್ರಾಮಿನ ಎಲ್ಲ ಭಾಗಗಳ ಹೆಸರು ಪರದೆಯ ಮೇಲೆ ಬರುತ್ತಿತ್ತು. ಬೇಕಾದ ಹೆಸರಿಗೆ ಎಂಟರ್ ಒತ್ತಿದರೆ ನೇರ ಅಲ್ಲಿಗೇ ಜಿಗಿತ. ಇನ್ನೊಂದು ಕೀಲಿಗೆ, ಲಾರಿ ನಂಬರು ಬಂದಿರುವ ಸಾಲುಗಳೆಲ್ಲ ಒಂದರ ಹಿಂದೊಂದು ಸಿಗುತ್ತಿದ್ದವು.

ವೀರೇಶ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. ನಾನು ಜಿಗಿಯುತ್ತಾ ಹೋದೆ, ಅವನು ಸಾಲು ಓದುತ್ತಾ ಹೋದ. ಒಂದು ಕಡೆ ನಾನು ಅವಸರದಲ್ಲಿ ತಿದ್ದಲು ಹೊರಟಾಗ, “ತಡೀರಿ, ಅದು ಹಳೇ ಬಿಲ್ ಓದೂ ಜಾಗಾ. ಮುಟ್ಟಬ್ಯಾಡ್ರಿ” ಎಂದು ತಡೆದ. ಅವನು ತಡೆಯದಿದ್ದರೆ ಹಳೆಯ ಬಿಲ್ಲುಗಳೆಲ್ಲ ಕೆಡುತ್ತಿದ್ದವು.

ಕೊನೆಗೆ ಪ್ರಿಂಟರ್ ಕರಕರ ಎಂದಿತು. ಡ್ರೈವರ್ ಬಿಲ್ಲನ್ನು ಲಾರಿಯ ನಂಬರ್ ಪ್ಲೇಟಿನ ಪಕ್ಕ ಹಿಡಿದು ನೋಡಿ, “ಬರೋಬರಿ ಐತ್ರಿ” ಎಂದು ಹತ್ತಿ ಕೂತ.

ಆಗ ಅಪ್ಪನ ಜೊತೆ ಒಳಬಂದ ಅವನ ತಾಯಿ ಕೇಳಿದರು. “ವೀರೇಶ, ಹುಡುಗಿ ಹೆಂಗ ಅದಾಳಪಾ?”

“ಮುಂಜಾನಿಂದ ಇಲ್ಲೇ ಅದೀನಿ. ನಾ ಎಲ್ಲಿ ನೋಡ್ಲಿ ಯವ್ವಾ?”

“ನಿನ್ನ ಬಾಜೂಕ ಕುಂತಾಳ ನೋಡು.”

ಅವನು ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಅಪ್ಪನೂ ನಕ್ಕುಬಿಟ್ಟರು.

ಅಕ್ಕಿ ಮೂಟೆಗಳ ಮೇಲೆ ಕೂತು ಚಹಾ ಕುಡಿದೆವು. ಧೈರ್ಯ ಮಾಡಿ, “ಮದುವಿ ಆದ ಮ್ಯಾಲೂ ನಾ ಕೆಲಸ ಬಿಡಂಗಿಲ್ರಿ” ಎಂದೆ.

“ಬಿಟ್ರ ನನ್ನ ಗತಿ ಏನ್ರಿ? ಇಂಥಾ ಪ್ರೋಗ್ರಾಂ ಇನ್ನೂ ಅದಾವ” ಎಂದ ವೀರೇಶ. ವೈಶಾಖದಲ್ಲಿ ನಮ್ಮ ಮದುವೆಯಾಯಿತು.

ಆದರೆ ನಾನು ಹೆಚ್ಚು ನೆನೆಯುವುದು ಅವತ್ತಿನ ವಾಪಸು ದಾರಿಯನ್ನು. ಜೀಪಿನಲ್ಲಿ ಅಪ್ಪ, “ಹುಬ್ಬಳ್ಯಾಗ ಏನ ಕಲ್ತಿ ಅಂತ ನಾ ಒಮ್ಮೀನೂ ಕೇಳಿಲ್ಲ ಯವ್ವಾ. ಈಗ ಹೇಳು” ಎಂದರು. ಭಾಗ್ಯನಗರ ಮುಟ್ಟುವವರೆಗೂ ಹೇಳಿದೆ. ಅರ್ಧಕ್ಕರ್ಧ ಅವರಿಗೆ ತಿಳಿಯಲಿಲ್ಲ, ಹೂಂಗುಟ್ಟುವುದನ್ನು ಮಾತ್ರ ಬಿಡಲಿಲ್ಲ. ಆ ‘ಹೂಂ’ ನೆನೆದರೆ ಇಂದಿಗೂ ನನ್ನ ಎದೆ ತುಂಬಿ ಬರುತ್ತದೆ.